ಚಾಗಲದೇವಿಯ ಸ್ಮಾರಕಶಿಲೆ

"ಕಲ್ಲಿನಲ್ಲಿ ಹೆಸರು ನಿಂತವರಿಗೆ ಸಾವಿಲ್ಲ, ಮಗಳೇ" ಎಂದು ತೊಡೆಯ ಮೇಲೆ ಕೂರಿಸಿಕೊಂಡು ಅಜ್ಜಿ ಹೇಳುತ್ತಿದ್ದ ಮಾತು ರಾಜಕುಮಾರಿಗೆ ಬಾಯಿಪಾಠವಾಗಿತ್ತು. ಆದರೆ ಸಾವಿಲ್ಲದಿರುವುದೂ ಬದುಕಿರುವುದೂ ಒಂದೆಯೇ?

ಬಹು ಹಿಂದೆ, ಬೆಳ್ಮುಗಿಲನಾಡನ್ನು ಆ ಅಜ್ಜಿ, ಮಹಾರಾಣಿ ಚಾಗಲದೇವಿ, ಆಳುತ್ತಿದ್ದಳು. ಬೇರೆ ಅರಸರನ್ನು ಕಂಡವರೇ ನಾಡಿನಲ್ಲಿ ಉಳಿದಿರಲಿಲ್ಲ. ಅಷ್ಟು ದೀರ್ಘ ಆಳ್ವಿಕೆ. ಅದರ ನೆನಪಿಗೆ ಕಣಗಿಲೆಪಟ್ಟಣದ ಜನ ಪೇಟೆಯ ನಡುವೆ ಶಿಲೆಯೊಂದನ್ನು ನಿಲ್ಲಿಸಿದರು. ಅಕ್ಷರ ಕೊರೆಯಲು ಮುಂದೆ ಬಂದವನು ಮಾಯಾವಿ ಕಾಳದಂತ. ರೂಢಿಯಂತೆ ಶಿಲೆಯ ನೆತ್ತಿಯಲ್ಲಿ ಸೂರ್ಯ, ಚಂದ್ರ ಮತ್ತು ಕರುವಿಗೆ ಹಾಲೂಡಿಸುವ ಆಕಳನ್ನು ಬಿಡಿಸಿದ. ನಡುವೆ ರಾಣಿಯ ಹೆಸರು. ಅಡಿಯಲ್ಲಿ, ರೂಢಿಯಂತೆಯೇ, ಶಿಲೆ ಕೆಡಿಸಿದವರಿಗೆ ಶಾಪ.

ಅನಾವರಣದ ದಿನ ಶಿಲೆಯ ಮೇಲಿನ ಪರದೆ ಸರಿಯಿತು. ಎದುರಿನ ಪೀಠದಲ್ಲಿ ಕುಳಿತಿದ್ದ ರಾಣಿ ನಗುನಗುತ್ತಲೇ ಕಲ್ಲಾದಳು.

"ನಿಮ್ಮ ರಾಣಿಗೆ ಇನ್ನು ಸಾವಿಲ್ಲ" ಎಂದ ಕಾಳದಂತ. "ಅವಳ ಹೆಸರಿನಲ್ಲಿ ನಾನು ಆಳುತ್ತೇನೆ. ಶಿಲೆ ಒಡೆದರೆ ಅವಳು ಎದ್ದಾಳು. ಆದರೆ ಒಡೆದವರ ಹೆಸರು, ಗುರುತು ಎಲ್ಲರ ನೆನಪಿನಿಂದ ಅಳಿಯುತ್ತದೆ. ಶಾಪ ಓದಿಕೊಳ್ಳಿ."

ಜನ ಹಿಂದೆ ಸರಿದರು. ರಾಜಕುಮಾರಿ ಶಿಲೆಯ ಬುಡದಲ್ಲಿದ್ದ ಸುತ್ತಿಗೆ ಎತ್ತಿಕೊಂಡಳು.

"ಬೇಡ ತಾಯಿ" ಎಂದ ಪಟ್ಟಣಶೆಟ್ಟಿ ಬೋಳಯ್ಯ. "ಹೆಸರೇ ಹೋದರೆ ನಾಳೆ ನಿಮ್ಮನ್ನು ಪಟ್ಟಕ್ಕೆ ಕರೆಯುವುದು ಹೇಗೆ?"

"ಊಟಕ್ಕೆ ಕರೆಯುವ ಅಜ್ಜಿಯೇ ಇಲ್ಲದ ಮೇಲೆ ಪಟ್ಟಕ್ಕೆ ಕರೆದರೇನು, ಶೆಟ್ಟರೇ?"

ಮೊದಲ ಪೆಟ್ಟಿಗೆ ಸೂರ್ಯ ಉರಿದ, ಅಂಗೈ ಬೊಬ್ಬೆಯೆದ್ದಿತು. ಅವಳು ಸುತ್ತಿಗೆ ಬಿಡಲಿಲ್ಲ. ಎರಡನೆಯ ಪೆಟ್ಟಿಗೆ ಚಂದ್ರ ಹಿಮ ಸುರಿಸಿದ, ಬೆರಳುಗಳು ಮರಗಟ್ಟಿದವು. ಅವಳು ಸುತ್ತಿಗೆ ಬಿಡಲಿಲ್ಲ. ಮೂರನೆಯ ಪೆಟ್ಟಿಗೆ ಕೈ ಎತ್ತಿದಾಗ ಆಕಳು ಶಿಲೆಯಿಂದ ಧುಮುಕಿ, ಕೊಂಬು ಬಾಗಿಸಿ ಅಡ್ಡ ನಿಂತಿತು. ಕರು ಇನ್ನೂ ಶಿಲೆಯಲ್ಲೇ ಇತ್ತು. ರಾಜಕುಮಾರಿಗೆ ಅರ್ಥವಾಯಿತು. ಈಗ ಸುತ್ತಿಗೆ ಕೆಳಗಿಟ್ಟು, ಎರಡೂ ಕೈಗಳಿಂದ ಕರುವನ್ನು ಮೆಲ್ಲಗೆ ಬಿಡಿಸಿಕೊಂಡು ತಾಯಿಯ ಮುಂದೆ ಇಳಿಸಿದಳು. ಆಕಳು ಅದನ್ನು ನೆಕ್ಕುತ್ತ ಬದಿಗೆ ಸರಿಯಿತು.

ಆಮೇಲೆ ಬಿದ್ದ ಪೆಟ್ಟಿಗೆ ಶಿಲೆ ಸೀಳಿತು. ಕಾಳದಂತ ಕಲ್ಲುಪುಡಿಯಾಗಿ ಗಾಳಿಗೆ ಹಾರಿಹೋದ. ಪೇಟೆಯೆಲ್ಲ ಜಯಘೋಷ. ರಾಣಿ ಉಸಿರೆಳೆದು ಎದ್ದು, ಎದುರು ನಿಂತವಳನ್ನು ನೋಡಿದಳು.

"ಯಾರಮ್ಮ ನೀನು? ಯಾರ ಮನೆಯ ಮಗಳು?"

ರಾಜಕುಮಾರಿ ಹೇಳಲೆಂದು ಬಾಯಿ ತೆರೆದಳು. ತನ್ನ ಹೆಸರಾಗಲಿ, ತಾನು ಯಾರ ಮನೆಯವಳೆಂಬುದಾಗಲಿ ಅವಳಿಗೂ ನೆನಪಾಗಲಿಲ್ಲ. ಮುಂದೆ ಆ ನಾಡು ಎಷ್ಟು ಸುಖವಾಗಿ ಬಾಳಿದರೂ ಆ ಹೆಸರು ಮರಳಿ ಸಿಗಲಿಲ್ಲ. ಈ ಕತೆ ಹೇಳುವವರಿಗೂ ಗೊತ್ತಿಲ್ಲ.

"ಯಾರೋ ತಿಳಿಯದು, ಮಹಾರಾಣಿ" ಎಂದ ಬೋಳಯ್ಯ. "ನಾವೆಲ್ಲ ಹಿಂದೆ ಸರಿದಾಗ ಮುಂದೆ ಬಂದವಳು ಇವಳೊಬ್ಬಳೇ."

ರಾಣಿ ಬೊಬ್ಬೆಯೆದ್ದ ಆ ಅಂಗೈಯನ್ನು ಬಹಳ ಹೊತ್ತು ಹಿಡಿದುಕೊಂಡಳು. ಅನಂತರ ಜನರತ್ತ ತಿರುಗಿದಳು.

"ನಾನು ಆಳಿದ್ದು ಸಾಕು. ನಾಳೆ ಬೆಳಗ್ಗೆ ಈ ಹುಡುಗಿಗೆ ಪಟ್ಟ. ಅದಕ್ಕೂ ಮೊದಲು ಇವಳಿಗೊಂದು ಹೆಸರಿಡಬೇಕು. ಎಲ್ಲರೂ ಅರಮನೆಗೆ ಬನ್ನಿ."