ಬಕ್ರಾ ಎನ್ನದ ದಿನ

"ಜನ ಓಟು ಹಾಕಿಬಿಟ್ರು ಕಣೇ!" ಎಂದು ಅಣ್ಣ ಫೋನನ್ನು ತಂಗಿಯ ಮೂಗಿನ ಹತ್ತಿರ ಹಿಡಿದ. "ಪಕ್ಕದ ಮನೆಯವನಿಗೆ ಪ್ರಪೋಸ್ ಪ್ರ್ಯಾಂಕ್. ಇವತ್ತೇ, ಲೈವ್!"

ತಂಗಿ ಪಟಾಕಿ ಫೋನನ್ನು ಪಕ್ಕಕ್ಕೆ ತಳ್ಳಿದಳು.

ಪಟಾಕಿ ಎಂಬುದು ವೀಕ್ಷಕರೇ ಇಟ್ಟ ಹೆಸರು. ಸಿಕ್ಕಸಿಕ್ಕವರನ್ನು ಬೇಸ್ತು ಬೀಳಿಸಿ, ಕೊನೆಗೆ "ಬಕ್ರಾ!" ಎಂದು ಕಿರುಚುವುದೇ ಅವಳ ವ್ಲಾಗು. ಕಿರುಚಿ ಕಿರುಚಿ ಅವಳಿಗೇ ಸಾಕಾಗಿತ್ತು. ಒಮ್ಮೆ ಮೆಲ್ಲಗೆ ಮಾತಾಡಿದ್ದಕ್ಕೆ, "ಹುಷಾರಿಲ್ವಾ?" ಎಂಬ ಕಾಮೆಂಟುಗಳು ಸಾಲುಗಟ್ಟಿದ್ದವು.

ಪಕ್ಕದ ಮನೆಯವನೂ ವ್ಲಾಗರೇ, ಆದರೆ ಬಾಯಿ ಬಿಡದವನು. ಹಳೆಯ ಗಡಿಯಾರ ಬಿಚ್ಚಿ ಜೋಡಿಸುವ ಬೆರಳುಗಳು, ಟಿಕ್ ಟಿಕ್ ಸದ್ದು, ಅಷ್ಟೇ. ಊಟಕ್ಕೆ ಕೂತಾಗಲೆಲ್ಲ ಅವಳು, ಅಣ್ಣನಿಗೆ ಕೇಳದಂತೆ ಸದ್ದು ಪೂರ್ತಿ ತಗ್ಗಿಸಿ, ನೋಡುತ್ತಿದ್ದುದು ಅದನ್ನೇ. ಮೆಟ್ಟಿಲಲ್ಲಿ ಅವನು ಎದುರಾದರೆ ಮಾತ್ರ ಗೋಡೆ ನೋಡಿಕೊಂಡು ಇಳಿಯುತ್ತಿದ್ದಳು. ಪ್ರೀತಿ, ಮತ್ತಿನ್ನೇನು!

ಇವತ್ತು ಹೇಳಿದರೆ ಅದು ತಮಾಷೆ. ಇವತ್ತು ತಮಾಷೆಯಾದರೆ ನಾಳೆ ನಿಜ ಹೇಳಿದರೂ ಅವನು ನಂಬುವುದಿಲ್ಲ. ಒಲ್ಲೆ ಎಂದರೆ ಅಣ್ಣ ಬಿಡುವುದಿಲ್ಲ. ಮನೆ ನಡೆಯುವುದೇ ಈ ಚಾನೆಲ್ಲಿನಿಂದ. ಅಡಕತ್ತರಿಯಲ್ಲಿ ಸಿಕ್ಕಿಕೊಂಡು ಅವಳು ಪಕ್ಕದ ಮನೆಯ ಗಂಟೆ ಒತ್ತಿದಳು.

ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಾಗಿಲು ತೆರೆದ. ಆ ಕಣ್ಣು ಅಗಲವಾಗಿ ಅವಳನ್ನೊಮ್ಮೆ, ಹಿಂದೆ ಫೋನು ಹಿಡಿದು ನಿಂತ ಅಣ್ಣನನ್ನೊಮ್ಮೆ ನೋಡಿತು.

"ನನಗೆ ನೀವಂದ್ರೆ ಇಷ್ಟ," ಎಂದಳು. ಕಿರುಚಲಿಲ್ಲ.

ಅವನು ಬಾಗಿಲಿಗೆ ಒರಗಿ ನಿಂತ. ಆಮೇಲೆ, "ಹೇಳಿ, ಕಾಯ್ತಿದೀನಿ," ಎಂದ.

"ಏನು?"

"ಬಕ್ರಾ ಅಂತ. ಗೋಡೆಯಾಚೆಯಿಂದ ದಿನಾ ಕೇಳ್ತೀನಲ್ಲ. ನನ್ನ ವಿಡಿಯೋದಲ್ಲೂ ಕೇಳ್ಸುತ್ತೆ."

"ಅಯ್ಯೋ! ಆ ಕೂಗನ್ನ ತೆಗೆದುಹಾಕಬಾರ್ದಾ?"

"ನನ್ನ ವೀಕ್ಷಕರೂ ಓಟು ಹಾಕಿ ತೆಗೀರಿ ಅಂದ್ರು." ಅವನ ಕಿವಿ ಕೆಂಪಾಯಿತು. "ಮನಸ್ಸು ಬರ್ಲಿಲ್ಲ."

ಪಟಾಕಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

"ಹೇಳೇ ಬೇಗ!" ಹಿಂದಿನಿಂದ ಅಣ್ಣ ಪಿಸುಗುಟ್ಟಿದ. "ಎಲ್ರೂ ಬಕ್ರಾ ಬಕ್ರಾ ಅಂತ ಬರೀತಿದಾರೆ!"

ಅಭ್ಯಾಸಬಲ. ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಅನ್ನಲ್ಲ," ಎಂದಳು.

"ಇವತ್ತು ಮಾತ್ರಾನಾ?"

"ನಿಮಗೆ ಯಾವತ್ತೂ ಅನ್ನಲ್ಲ."

ಅವನು ಭೂತಗನ್ನಡಿ ತೆಗೆದು ಜೇಬಿಗೆ ಹಾಕಿಕೊಂಡ. ಎರಡೂ ಕಣ್ಣು ತುಂಬ ನೋಡಿದ. "ಹಾಗಾದ್ರೆ ಒಳಗೆ ಬನ್ನಿ. ಇಲ್ಲಿ ಮೆಲ್ಲಗೆ ಮಾತಾಡಿದ್ರೂ ಕೇಳ್ಸುತ್ತೆ."

ಅವಳು ಹೊಸಿಲು ದಾಟಿದಳು. ಬಾಗಿಲು ಮುಚ್ಚಿಕೊಂಡಿತು. ಅಷ್ಟೂ ವೀಕ್ಷಕರಿಗೆ ಆ ಮುಚ್ಚಿದ ಬಾಗಿಲನ್ನೇ ಲೈವ್ ತೋರಿಸುತ್ತ, ಅಣ್ಣ ಬಕ್ರಾ ಆಗಿ ನಿಂತಿದ್ದ.