ಬೂದಿ ಹಚ್ಚಿ ತೊಳೆದ ನಕ್ಷತ್ರ

"ಅಯ್ಯಯ್ಯೋ! ಬಿಡ್ರೀ... ಅದನ್ನ ಕೈಯಿಂದ ಬಿಡ್ರೀ!"

ಗಂಡಸಿನ ದನಿಗೆ ಮಹಾಂತಮ್ಮ ಬೆಚ್ಚಿಬಿದ್ದಳು. ಅವಳ ಒಂದು ಕೈಯಲ್ಲಿ ಒದ್ದೆ ಬೂದಿ, ಇನ್ನೊಂದರಲ್ಲಿ ಅಂಗೈ ಅಗಲದ ಗಾಜು. ಸಂಜೆ ದೀಪ ಹಚ್ಚುವ ಮುಂಚೆ ಕಂದೀಲಿನ ಗಾಜುಗಳ ಮಸಿ ತಿಕ್ಕುವುದು ನಾರಾಯಣಪೇಟೆಯ ಆ ಮನೆಯಲ್ಲಿ ಅವಳ ಕೆಲಸ. ಕಿಟಕಿಯಲ್ಲಿ ಒರಗಿಸಿಟ್ಟಿದ್ದ ಈ ಗಾಜಿಗೂ ಮಸಿ ಹಿಡಿದಿದೆ ಎಂದುಕೊಂಡು ತಿಕ್ಕಿಬಿಟ್ಟಿದ್ದಳು. ಮನಸ್ಸಿಟ್ಟು ತಿಕ್ಕಿದ್ದಳು, ಪಾಪ!

"ಮಸಿ ಹಿಡದಿತ್ರಿ..." ಎಂದಳು.

"ಮಸಿ ಅಲ್ರಿ ಅದು, ಆಕಾಶ!"

ಅವನು ದೇವೇಂದ್ರಪ್ಪ. ಮಕ್ತಲಿನವನು, ಅವಳ ತಂದೆ ಶಿವಶಂಕರಪ್ಪನವರ ಗೆಳೆಯನ ಮಗ. ಹೈದರಾಬಾದಿನಲ್ಲಿ ನಕ್ಷತ್ರ ನೋಡುವ ಸರ್ಕಾರಿ ಕಚೇರಿಯಲ್ಲಿ ನೌಕರಿ. ಶಹರದ ದೀಪಗಳ ಕಾಟವಿಲ್ಲದ ಕಡೆ ಆಕಾಶದ ಫೋಟೋ ತೆಗೆಯಲೆಂದು ಕ್ಯಾಮೆರಾ ಹೊತ್ತು ಬಂದವನು, ಇವರ ಮಾಳಿಗೆಯನ್ನೂ, ಫೋಟೋ ಮೂಡಿಸಲು ಶೇಂಗಾ ತುಂಬುವ ಕತ್ತಲೆ ಕೋಣೆಯನ್ನೂ ಕೇಳಿ ಪಡೆದಿದ್ದ. ವಾರವೆಲ್ಲ ಮೋಡ ಕಾಡಿ, ಕೊನೆಗೆ ಒಂದೇ ಒಂದು ಫೋಟೋ ಆ ಗಾಜಿನ ಮೇಲೆ ಚೆನ್ನಾಗಿ ಮೂಡಿತ್ತು. ಅದೀಗ ಬೂದಿಯ ಜೊತೆ ಬಚ್ಚಲಿಗೆ ಹರಿದುಹೋಗಿತ್ತು.

ಅವನು ಬೈಯಲಿಲ್ಲ. ಖಾಲಿ ಗಾಜನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದ, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಬೈಸಿಕೊಂಡವರು ಅತ್ತು ಹಗುರಾಗುತ್ತಾರೆ. ಮಹಾಂತಮ್ಮನಿಗೆ ಆ ಪುಣ್ಯವೂ ಸಿಗಲಿಲ್ಲ.

ಮರುದಿನ ಸಂಜೆ ಕತ್ತಲಾದ ಮೇಲೆ ಧೈರ್ಯ ಮಾಡಿ ಮಾಳಿಗೆ ಹತ್ತಿದಳು. ಸೋದರತ್ತೆ ಗುರುಲಿಂಗಮ್ಮ ಶೇಂಗಾ ಸುಲಿಯುವ ನೆಪದಲ್ಲಿ ಕಾವಲಿಗೆ ಬಂದು ಕೂತಳು.

"ನಾ ಅಳಿಸಿದ್ದು ಏನಿತ್ರಿ?"

ದೇವೇಂದ್ರಪ್ಪ ಮೇಲೆ ಕೈ ತೋರಿಸಿದ. ಸಾಲಾಗಿ ಮೂರು ಚುಕ್ಕಿ, ಅವುಗಳ ಕೆಳಗೆ ಮಂಕಾದ ಒಂದು ಕಲೆ.

"ಅದು ಅನಿಲರಿ, ಹೊಗಿಯಂಗ ತೆಳ್ಳಗ. ಅದರ ನಡುವ ಬಾಳ ದೊಡ್ಡ ಚುಕ್ಕಿ ಅದಾವ. ನಮ್ಮ ಸೂರ್ಯಗಿಂತ ಎಷ್ಟೋ ಪಟ್ಟು ಉರಿಯೋವು. ಸುತ್ತಲಿನ ಅನಿಲಾನ ಸುಮ್ನ ಇರಾಕ ಬಿಡಂಗಿಲ್ಲ. ಕಣ್ಣಿಗೆ ಕಾಣದ ಬೆಳಕು ಬಿಟ್ಟು ಕಾಯಿಸ್ತಾವ, ಒಡೀತಾವ. ಅದಕ್ಕ ಅದು ಹೊಳೀತೈತಿ."

"ಪಾಪ... ಅದು ತನ್ನ ಪಾಡಿಗೆ ತಣ್ಣಗಿತ್ತೇನೋ!"

ಅವನು ನಕ್ಕ. ಅವಳೂ ನಕ್ಕಳು. ಗುರುಲಿಂಗಮ್ಮ ಮಾತ್ರ ಕೆಮ್ಮಿದಳು.

ಹೀಗೆ ಎಷ್ಟೋ ಸಂಜೆ ಕಳೆದವು. ಮೊದಲ ರಾತ್ರಿಯೇ ಮೋಡ ಮತ್ತೆ ಕವಿದು ಮುಂದೆ ಫೋಟೋ ಸಿಗಲೇ ಇಲ್ಲ, ಆದರೆ ಮಾತಿಗೆ ಮೋಡ ಅಡ್ಡಿಯೇ? ಮಹಾಂತಮ್ಮನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಇವರ ಹೆಜ್ಜೆ ಸಪ್ಪಳಕ್ಕೆ ನನ್ನ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತದೆ...?

"ಬ್ಯಾಳಿಗೆ ಎರಡು ಸಲ ಉಪ್ಪು ಹಾಕೀಯವ್ವ," ಎಂದಳು ಗುರುಲಿಂಗಮ್ಮ. "ಚುಕ್ಕಿ ನೋಡಿದ್ದು ಸಾಕು, ಒಲಿ ಕಡೆ ನೋಡು."

ಒಂದು ಮಧ್ಯಾಹ್ನ ಗದ್ವಾಲದಿಂದ ಸಂಬಂಧ ಬಂತು. ಸೀರೆ ವ್ಯಾಪಾರದ ದೊಡ್ಡ ಮನೆತನ. ಶಿವಶಂಕರಪ್ಪನವರ ಸಂತೋಷದ ದನಿ ಮಾಳಿಗೆಗೂ ಕೇಳುವಂತಿತ್ತು. ಆ ಸಂಜೆ ದೇವೇಂದ್ರಪ್ಪ ಆಕಾಶ ನೋಡಲೇ ಇಲ್ಲ.

"ಅಂಥ ಚುಕ್ಕಿ ಅನಿಲಾನ ದೂಡಿಬಿಡ್ತಾವರಿ. ಬಗಲಾಗ ಇದ್ದದ್ದು ಯಾವುದೂ ನೆಮ್ಮದಿಯಾಗಿ ಇರಂಗಿಲ್ಲ. ದೂರ ಇದ್ದರ ಚಲೋ," ಎಂದ.

ಬೆಳಗ್ಗೆ ಎದ್ದು ನೋಡಿದರೆ ಶೇಂಗಾ ಕೋಣೆ ಖಾಲಿ. ಅವಳಿಗೊಂದು ಮಾತು ಹೇಳದೆ ಮಕ್ತಲಿಗೆ ಹೊರಟುಹೋಗಿದ್ದ!

ಗಾಜಿನ ಸಿಟ್ಟು ಇನ್ನೂ ಹೋಗಿಲ್ಲ. ನನ್ನ ಮುಖ ನೋಡಲಾರದೆ ಹೋದರು... ಮಹಾಂತಮ್ಮ ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಸುತ್ತಿದಳು. ಸೋಮವಾರ ಗದ್ವಾಲದವರು ಮಾತು ಮುಗಿಸಲು ಬರುವವರಿದ್ದರು. ಅವತ್ತು ಅಪ್ಪ ಹೂಂ ಅಂದರೆ ಮುಗಿಯಿತು.

ಶನಿವಾರ ತಡೆಯಲಾಗಲಿಲ್ಲ.

"ಅತ್ತಿ, ಮಕ್ತಲಿಗೆ ಹೋಗಿ ಬರೂಣು. ತಪ್ಪಾತಂತ ಹೇಳಿ ಬರ್ತೀನಿ."

ಗುರುಲಿಂಗಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ತಪ್ಪಾತು ಅನ್ನಾಕ ಇಷ್ಟು ಚಂದ ಹೆರಳು ಬೇಕಾತೇನವ್ವ?"

ಹಾಗೆಂದವಳೇ ತನ್ನ ಅಣ್ಣ ಶಿವಶಂಕರಪ್ಪನವರಿಗೆ ದೇವಸ್ಥಾನದ ನೆಪ ಹೇಳಿ ಮೋಟಾರು ಹತ್ತಿಸಿದಳು.

ಮಕ್ತಲಿನಲ್ಲಿ ದೇವೇಂದ್ರಪ್ಪ ಹೈದರಾಬಾದಿಗೆ ಹೊರಡಲು ಕ್ಯಾಮೆರಾಕ್ಕೆ ಹಗ್ಗ ಬಿಗಿಯುತ್ತಿದ್ದ. ಬಾಗಿಲಲ್ಲಿ ಇವಳನ್ನು ಕಂಡು ಹಗ್ಗ ಕೈಬಿಟ್ಟ. ಗುರುಲಿಂಗಮ್ಮ ನೀರು ಕುಡಿಯುವ ನೆವದಲ್ಲಿ ಒಳಗೆ ಹೋದಳು.

"ಒಂದು ಗಾಜಿಗೆ ಇಷ್ಟು ಸಿಟ್ಟೇನ್ರಿ?" ಎಂದಳು ಮಹಾಂತಮ್ಮ. "ದೂರ ಇದ್ದರ ಚಲೋ ಅಂತ ಮಾರಿ ಮ್ಯಾಲೆ ಹೇಳಿ ಬಂದ್ರಿ!"

"ಸಿಟ್ಟಾ? ನಿಮ್ಮ ಮ್ಯಾಲಾ?" ಅವನು ದಂಗಾದ. "ನನ್ನ ನೌಕರಿ ಇನ್ನೂ ಕಾಯಂ ಆಗಿಲ್ರಿ. ಆ ಫೋಟೋ ತೋರಿಸಿದ್ರ ಆಗ್ತಿತ್ತು. ಆದ ಮ್ಯಾಲೆ... ನಿಮ್ಮಪ್ಪನ್ನ ಕೇಳೂಣಂತ ಇದ್ದೆ."

"ಏನು ಕೇಳೂಣಂತ?"

"ನಿಮ್ಮನ್ನ."

ಮಹಾಂತಮ್ಮನಿಗೆ ಕಣ್ಣು ತುಂಬಿ ಬಂತು. ಅದರ ಹಿಂದೆಯೇ ನಗುವೂ ಬಂತು.

"ಅಯ್ಯ ಶಿವನೇ! ನನ್ನ ಮದುವೀನ ನಾನ ಬೂದಿ ಹಚ್ಚಿ ತೊಳದೀನಲ್ರೀ!"

"ನಿಮಗ ಗದ್ವಾಲದಾಗ ಸುಖದ ಮನಿ ಸಿಕ್ಕೈತಿ, ನಾ ಅಡ್ಡ ಬರಬಾರದು ಅಂತ ಬಂದ್ಬಿಟ್ಟೆ. ನಾ ಹೇಳಿದ್ದು ಅರ್ಧ ಮಾತುರಿ, ಮಹಾಂತಮ್ಮ. ದೂಡಿಸ್ಕೊಂಡ ಅನಿಲ ಎಲ್ಲಾನೂ ಚೆದುರಿ ಹೋಗಂಗಿಲ್ಲ. ಒಂದೊಂದು ಕಡೆ ಒತ್ತೊತ್ತಿ ಗುಡ್ಡಿ ಬೀಳ್ತೈತಿ. ಅಲ್ಲೇ ಹೊಸಾ ಚುಕ್ಕಿ ಹುಟ್ಟಬಹುದು ಅಂತ ಈಗೀಗ ಕೆಲವು ಪಂಡಿತರು ಅನ್ನಾಕ ಹತ್ಯಾರ."

"ಇದನ್ನ ಅವತ್ತ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ಅಲ್ಲಿಂದ ಏಳಾಕ ಕಾಲು ಬರ್ತಿರಲಿಲ್ಲ..."

ಮಹಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈಗ ಸುಮ್ಮನಿದ್ದರೆ ಜನ್ಮವೆಲ್ಲ ಸುಮ್ಮನಿರಬೇಕು!

"ನನಗ ನೆಮ್ಮದಿ ಬ್ಯಾಡರಿ. ನೀವು ಬಂದ ದಿನದಿಂದ ಅದು ನನ್ನ ಹತ್ರ ಇಲ್ಲ. ಫೋಟೋ ಮತ್ತ ತೆಗೀರಿ, ನೌಕರಿ ಆದಾಗ ಆಗ್ಲಿ. ಸೋಮವಾರದೊಳಗ ಬಂದು ಅಪ್ಪನ ಮುಂದ ಕೂಡ್ರಿ."

"ಸೋಮವಾರ ಯಾಕ?" ಅವನು ಚಪ್ಪಲಿ ಮೆಟ್ಟಿದ. "ಇವತ್ತ ಬರ್ತೀನಿ."

ನಾರಾಯಣಪೇಟೆಯ ಮೋಟಾರು ತುಂಬಿಹೋಗಿತ್ತು. ಗುರುಲಿಂಗಮ್ಮ ಕೂತಕೂಡಲೇ ಕಣ್ಣು ಮುಚ್ಚಿದಳು. ನಿದ್ದೆಯೋ ಉಪಕಾರವೋ, ಅವಳಿಗೇ ಗೊತ್ತು. ದೇವೇಂದ್ರಪ್ಪ ಹಿಂದೆ ಕಂಬಿ ಹಿಡಿದು ನಿಂತಿದ್ದ. ಊರು ಹತ್ತಿರವಾದಂತೆ ಅವನು ಬೆವರು ಒರೆಸಿಕೊಳ್ಳುವುದು ಹೆಚ್ಚಾಯಿತು.

ಮಹಾಂತಮ್ಮ ತಿರುಗಿ ನೋಡದೆ ಮೆಲ್ಲಗೆ ಕೇಳಿದಳು.

"ಹೆದರಿಕಿ ಆಗೈತೇನ್ರಿ?"

"ಬಾಳ."

"ನನಗೂ..."

"ಹಂಗಾರ ಇಳದ್ಬಿಡೂಣೇನು?"

"ಇಳದು ನೋಡ್ರಿ ಮತ್ತ!" ಎಂದು ಅವಳು ಹಿಂದೆ ಕೈ ಚಾಚಿ, ಅವನ ಅಂಗಿಯ ಚುಂಗನ್ನು ಬಿಗಿಯಾಗಿ ಹಿಡಿದುಕೊಂಡಳು.