ಕೊಸರು ಬೇಡವೆಂದವನು

“ಆ ಬ್ರೆಡ್ ಕೆಳಗಿಡಿ! ಇನ್ನೊಂದನ್ನ ಮುಟ್ಟಿದ್ರೆ ಸರಿ ಇರಲ್ಲ!”

ಮಧ್ಯಾಹ್ನದ ಊಟದ ಹೊತ್ತು. ನ್ಯೂ ಆರ್ಲಿಯನ್ಸ್‌ನ ಆ ಪುಟ್ಟ ಪೋಬಾಯ್ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉದ್ದನೆಯ ಬ್ರೆಡ್ ಸೀಳಿ, ಕರಿದ ಸೀಗಡಿ ತುಂಬುತ್ತಿದ್ದ ಅಂಗಡಿಯ ಯಜಮಾನ ಅಂಬ್ರೋಸ್‌ನ ಕೈ ಹಾಗೇ ನಿಂತಿತು.

ಎದುರಿಗೆ ದಿಯೆಮ್ ನಿಂತಿದ್ದಳು, ಬ್ರೆಡ್ ಬುಟ್ಟಿಯನ್ನು ಎದೆಗವಚಿಕೊಂಡು. ಊರಿನ ಪೂರ್ವದ ತುದಿಯಲ್ಲಿರುವ ವಿಯೆಟ್ನಾಂ ಬೇಕರಿಯ ತ್ವಾನ್ ಅವರ ಒಬ್ಬಳೇ ಮಗಳು. ಇಷ್ಟು ವರ್ಷ ಇಲ್ಲಿಗೆ ಬ್ರೆಡ್ ತರುತ್ತಿದ್ದವರು ಅಪ್ಪ. ಭುಜ ಉಳುಕಿ ಅವರು ಮಲಗಿದ್ದರಿಂದ ಇವತ್ತೇ ಮೊದಲ ಸಲ ಅವಳು ಬಂದಿದ್ದು. ಬಂದ ಕೂಡಲೇ ಗೋಡೆಯ ಮೇಲಿನ ಬೋರ್ಡು ಕಣ್ಣಿಗೆ ಬಿತ್ತು.

‘ನಮ್ಮಜ್ಜಿಯ ಬ್ರೆಡ್.’

“ನಿಮ್ಮಜ್ಜಿ ದಿನಾ ಎದ್ದು ಹಿಟ್ಟು ನಾದ್ತಾರೇನ್ರೀ?”

“ಅಜ್ಜಿ ತೀರ್ಕೊಂಡಿದಾರೆ...”

“ಹಾಗಾದ್ರೆ ಸತ್ತವರು ಬಂದು ನಾದ್ತಾರಾ? ನಾದೋದು ನಮ್ಮಪ್ಪ! ಭುಜ ಬಿದ್ದುಹೋಗೋ ತನಕ ನಾದಿದ್ದು ನಮ್ಮಪ್ಪ! ಹೆಸರು ಮಾತ್ರ ನಿಮ್ಮಜ್ಜಿದು!”

“ಒಂದು ನಿಮಿಷ ಕೇಳಿ. ನನ್ನ ನಂಬದೇ ಇದ್ರೆ ನಿಮ್ಮಪ್ಪನ್ನೇ ಕೇಳಿ...”

“ಅಪ್ಪನ ಸುದ್ದಿಗೆ ಬರಬೇಡಿ!”

ಸಾಲಿನಲ್ಲಿದ್ದ ಮುದುಕನೊಬ್ಬ ಮೆಲ್ಲಗೆ, “ತಾಯೀ, ನನ್ನದು ಅರ್ಧ ತುಂಬಿಸಿ ಆಗಿದೆ. ಅದೊಂದನ್ನ ಬಿಟ್ಟು ಹೋಗಮ್ಮ” ಎಂದ. ದಿಯೆಮ್ ಅವನನ್ನೂ ದುರುಗುಟ್ಟಿ ನೋಡಿ, ಬುಟ್ಟಿ ಹೊತ್ತು ಹೊರಟೇಬಿಟ್ಟಳು.

ಕೋಪದಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬರುತ್ತದೆಯೇ? ಮೂಗಿನ ತುದಿಯಲ್ಲೇ ಕೋಪವಿರುವವರಿಗೆ ಅದನ್ನು ಹೇಳುವವರು ಯಾರು!

ಮನೆಯಲ್ಲಿ ಅಪ್ಪನಿಗೆ ಅವಳು ಹೇಳಿದ್ದು ಒಂದೇ ಮಾತು. “ಬ್ರೆಡ್ ಕೊಟ್ಟು ಬಂದೆ.”

ನಿಮ್ಮ ಬೆವರಿಗೆ ಇನ್ಯಾರದೋ ಹೆಸರಿದೆ ಎಂದು ಹೇಗೆ ಹೇಳುವುದು? ಅಪ್ಪ ತಡೆದುಕೊಳ್ಳುವರೇ?

ಮರುದಿನ ಬೆಳಗ್ಗೆ ಬೇಕರಿಯ ಸಾಲಿನಲ್ಲಿ ಅಂಬ್ರೋಸ್!

“ಒಂದು ಬ್ರೆಡ್ ಕೊಡಿ.”

ಆ ಊರಿನಲ್ಲಿ ಕೊಂಡದ್ದರ ಮೇಲೆ ಒಂದಿಷ್ಟು ಕೊಸರಿಲ್ಲದ ವ್ಯಾಪಾರ ವ್ಯಾಪಾರವೇ ಅಲ್ಲ. ವಿಯೆಟ್ನಾಂನಿಂದ ದೋಣಿಯಲ್ಲಿ ಜೀವ ಹಿಡಿದುಕೊಂಡು ಬಂದ ಅವಳಮ್ಮ ಊರಿನ ಭಾಷೆಗಿಂತ ಮೊದಲು ಕಲಿತದ್ದು ಅದನ್ನೇ. “ಸಿಟ್ಟು ಮನಸ್ಸಲ್ಲಿಟ್ಕೋ, ಕೊಸರು ಪೊಟ್ಟಣದಲ್ಲಿ ಹಾಕು” ಎಂದು ಅಮ್ಮ ಒಳಗಿನಿಂದಲೇ ಗದರಿದರು. ದಿಯೆಮ್ ಒಂದು ಸಿಹಿ ಬನ್ ಎತ್ತಿ ಕುಕ್ಕಿದಳು.

ಅವನು ಅದನ್ನು ಹಿಂದಕ್ಕೆ ಸರಿಸಿದ. “ಕೊಸರು ಬೇಡ.”

ಎಷ್ಟು ಸೊಕ್ಕು! ಅಪ್ಪನ ಹೆಸರು ನುಂಗಿದವನಿಗೆ ನಮ್ಮ ಬನ್ನು ಮುಟ್ಟಲು ಹೇಸಿಗೆಯೇ?

ಮರುದಿನವೂ ಬಂದ. ಅದರ ಮರುದಿನವೂ. ಬ್ರೆಡ್ ಕೊಳ್ಳುವನು, ಬಾಗಿಲಲ್ಲೇ ನಿಂತು ಮುರಿದು ಕಣ್ಣು ಮುಚ್ಚಿ ಮೂಸುವನು. ಕೊಸರು ಮಾತ್ರ ಮುಟ್ಟುತ್ತಿರಲಿಲ್ಲ. ಒಂದು ದಿನ ಅವನು ಬರುವುದು ತಡವಾಯಿತು. ಅಷ್ಟರಲ್ಲಿ ದಿಯೆಮ್ ಇಬ್ಬರಿಗೆ ತಪ್ಪು ಪೊಟ್ಟಣ ಕೊಟ್ಟು ಬೈಸಿಕೊಂಡಿದ್ದಳು.

‘ನಾನ್ಯಾಕೆ ಆ ಸಾಲು ನೋಡ್ತಿದೀನಿ? ಛೀ!’ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಶನಿವಾರ ಅಪ್ಪ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಮಹಡಿಯಿಂದ ಕೆಳಗಿಳಿದು ಬಂದರು. ಸಾಲಿನಲ್ಲಿ ಅಂಬ್ರೋಸ್‌ನನ್ನು ಕಂಡು ಮುಖ ಅರಳಿತು.

“ಏನಪ್ಪಾ, ಅಜ್ಜಿ ಅಂಗಡಿ ಬಾಗಿಲು ಹಾಕಿದೆಯಂತೆ? ಯಾಕೆ?”

“ಬ್ರೆಡ್ ಇಲ್ಲ, ಅಂಕಲ್.”

“ಬೇರೆ ಕಡೆ ತಗೋಬಹುದಿತ್ತಲ್ಲ!” ದಿಯೆಮ್ ಸಿಡಿದಳು. “ಅಪ್ಪಾ, ಅವತ್ತು ಬ್ರೆಡ್ ವಾಪಸ್ ತಂದಿದ್ದೂ, ಆಮೇಲೆ ಕೊಡೋದು ನಿಲ್ಲಿಸಿದ್ದೂ ನಾನೇ. ನಿಮ್ಮ ಬ್ರೆಡ್‌ಗೆ ಇವರಜ್ಜಿ ಹೆಸರಿನ ಬೋರ್ಡು ಹಾಕಿದಾರೆ!”

ಅಪ್ಪನ ಮುಖ ಕೆಂಪಾಯಿತು. ಅವರು ಕೂಗಾಡಿದ್ದನ್ನು ಆ ಬೀದಿ ಯಾವತ್ತೂ ಕೇಳಿರಲಿಲ್ಲ.

“ಆ ಬೋರ್ಡು ಬರೆಸಿದ್ದು ನಾನು! ಮೊಳೆ ಹೊಡೆದಿದ್ದೂ ನಾನೇ!”

“ಅಪ್ಪಾ...?”

“ಊರೆಲ್ಲ ಮುಳುಗಿಸಿದ ಆ ಪ್ರವಾಹ ಇಳಿದಾಗ ಇವರ ಅಂಗಡಿಗೆ ಬ್ರೆಡ್ ಕೊಡ್ತಿದ್ದ ಬೇಕರಿ ಮುಚ್ಚಿಹೋಗಿತ್ತು. ಇವನಜ್ಜಿ ಅರ್ಲೀನಮ್ಮ ಕೆಸರು ತುಳ್ಕೊಂಡು ಇಲ್ಲಿಗೆ ಬಂದ್ರು. ನನ್ನ ಬ್ರೆಡ್ ಮುರಿದು, ‘ಇದಲ್ಲ, ಮತ್ತೆ ಮಾಡು’ ಅಂದ್ರು. ಮೇಲೆ ಗರಿಗರಿ ಇರಬೇಕು, ಒಳಗೆ ಎಷ್ಟು ಗ್ರೇವಿ ಸುರಿದ್ರೂ ಹರೀಬಾರದು. ಆ ಪಾಠ ಕಲಿಸಿದ್ದು ಅವರು. ನಾವು ಅಷ್ಟು ವಯಸ್ಸಾದೋರನ್ನ ಹೆಸರು ಹಿಡಿದು ಕರೀತೀವಾ? ಅಜ್ಜಿ ಅಂದೆ. ನನ್ನ ಸ್ವಂತ ಅಜ್ಜಿ ಸಮುದ್ರ ದಾಟಲೇ ಇಲ್ಲ ಮಗಳೇ... ‘ನಮ್ಮಜ್ಜಿ’ ಅಂತ ಬರೆಸಿದೆ. ಆ ‘ನಮ್ಮ’ ಅನ್ನೋದ್ರಲ್ಲಿ ನೀನೂ ಇದೀಯ!”

ದಿಯೆಮ್‌ಗೆ ನಾಚಿಕೆ, ಅಳು, ಎಲ್ಲವೂ ಒಟ್ಟಿಗೆ ಬಂದವು. ಆದರೆ ಬಾಯಿಂದ ಹೊರಬಿದ್ದದ್ದು ಕೋಪವೇ.

“ನಿಮಗೆ ಬಾಯಿ ಇರಲಿಲ್ವಾ?” ಎಂದು ಅಂಬ್ರೋಸ್‌ನ ಮೇಲೆ ತಿರುಗಿದಳು.

“ಇತ್ತು. ನೀವು ತೆರೆಯೋಕೆ ಬಿಡಲಿಲ್ಲ.” ಅವನು ತಲೆ ತಗ್ಗಿಸಿದ. “ಬೇರೆ ಬ್ರೆಡ್‌ನಲ್ಲಿ ಮಾಡಿದ್ರೆ ಅಜ್ಜಿ ಗೋರಿಯಿಂದ ಎದ್ದು ಬಂದು ಬಾರಿಸ್ತಾರೆ. ಆದ್ರೆ ನೀವು ಹೇಳಿದ್ದೂ ಸುಳ್ಳಲ್ಲ. ಬೋರ್ಡು ಓದೋ ಹೊಸಬರಿಗೆ ನಿಮ್ಮಪ್ಪ ಯಾರು ಅಂತ ಗೊತ್ತಾಗಲ್ಲ.”

“ಅಪ್ಪನ ಹೆಸರೂ ಬರೆಸಬೇಕು!”

“ಬರೆಸಿದೀನಿ. ಬಣ್ಣ ಒಣಗ್ತಿದೆ.”

ಅಪ್ಪ ಏನೋ ಗೊಣಗಿ ಕಣ್ಣೊರೆಸಿಕೊಂಡರು. ದಿಯೆಮ್ ಆದರೂ ಬಿಡಲಿಲ್ಲ.

“ಹಾಗಾದ್ರೆ ನಮ್ಮ ಕೊಸರು ಯಾಕೆ ಬೇಡ? ಅಷ್ಟು ಕೀಳಾ ಅದು?”

ಅಂಬ್ರೋಸ್ ಹಿಂದಿನ ಸಾಲನ್ನೊಮ್ಮೆ ನೋಡಿದ. ಎಲ್ಲರ ಕಿವಿಯೂ ಇಲ್ಲೇ ಇತ್ತು.

“ಕೊಸರು ಕೊಡೋದು ಗಿರಾಕಿಗೆ. ಬುಟ್ಟಿ ಹೊತ್ಕೊಂಡು ಬೈಕೊಂಡು ಹೋದ್ರಲ್ಲ, ಅವತ್ತಿಂದ ನನಗೆ ಬರೀ ಗಿರಾಕಿಯಾಗಿರೋಕೆ ಮನಸ್ಸಿಲ್ಲ, ದಿಯೆಮ್.”

ಅಮ್ಮ ಸುಮ್ಮನೆ ಒಲೆಯ ಕಡೆ ತಿರುಗಿಕೊಂಡರು.

ದಿಯೆಮ್ ಬಿಸಿ ಬ್ರೆಡ್ ಒಂದನ್ನು ಸರಕ್ಕನೆ ಸೀಳಿದಳು. ಹಂದಿ ಮಾಂಸ, ಹುಳಿಯಲ್ಲಿ ನೆನೆದ ಕ್ಯಾರೆಟ್, ಕೊತ್ತಂಬರಿ ಸೊಪ್ಪು ತುಂಬಿದಳು. ಹಸಿಮೆಣಸಿನಕಾಯಿ ಮಾತ್ರ ಎರಡು ಹಿಡಿ ಹಾಕಿದಳು! ಅವನ ಮುಂದೆ ಕುಕ್ಕಿದಳು.

“ತಗೋ!”

‘ನೀವು’ ಹೋಗಿ ‘ನೀನು’ ಬಂದದ್ದು ಅವನಿಗೆ ಕೇಳಿಸಿತು. ಕಚ್ಚಿದ. ಕಣ್ಣಲ್ಲಿ ನೀರು ಬಂತು. ಆದರೂ ನಗುತ್ತಿದ್ದ.

“ಇದೂ ಕೊಸರಾ?”

“ಬಾಯ್ಮುಚ್ಕೊಂಡು ತಿನ್ನು,” ಎಂದಳು ದಿಯೆಮ್. ಅವಳ ಕಣ್ಣೂ ತುಂಬಿತ್ತು. “ಮನೆಯವರಿಗೆ ಯಾರಾದ್ರೂ ಕೊಸರು ಕೊಡ್ತಾರಾ?”